ಹಸಿವು ಮೊದಲೋ, ಹೆದರಿಕೆ ಮೊದಲೋ

ಇಳಿತದ ಹೊತ್ತಿಗೆ ಅಳಿವೆಯ ಕೆಸರುಬಯಲಿನ ಅಂಚಿಗೆ ಹೋಗಿ, ಒಂದು ಗೇಣು ನೀರು ಹರಿಯುವ ಕಡೆ, ಹೊಟ್ಟೆ ಸೀಳಿದ ತಾರ್ಲೆ ಮೀನೊಂದನ್ನು ಇಟ್ಟು ಸುಮ್ಮನೆ ನಿಂತುಕೊಳ್ಳಿ. (ಉಡುಪಿ, ಮಂಗಳೂರಿನವರು ಬೂತಾಯಿ ಎಂದು ಓದಿಕೊಳ್ಳಲಿ.) ಅದುವರೆಗೆ ಜೀವವೇ ಇಲ್ಲವೆನಿಸಿದ್ದ ಕೆಸರು ಅಲ್ಲಲ್ಲಿ ಉಬ್ಬುತ್ತದೆ. ಉಬ್ಬಿದಲ್ಲೆಲ್ಲ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಚಿಪ್ಪೊಂದು ಮೇಲೇಳುತ್ತದೆ. ಅದರ ಮುಂದೆ ಸಣ್ಣ ನಳಿಗೆಯೊಂದು ಎಡಕ್ಕೂ ಬಲಕ್ಕೂ ತೂಗುತ್ತಿರುತ್ತದೆ. ಆಮೇಲೆ ಚಿಪ್ಪುಗಳೆಲ್ಲ ಮೀನಿನ ಕಡೆಗೆ ಹೊರಡುತ್ತವೆ. ಇವು ನಾಸೇರಿಯಸ್ ಬಳಗದ ಕಡಲ ಬಸವನಹುಳುಗಳು; ತೀರದಲ್ಲಿ ಸತ್ತದ್ದನ್ನು ತಿಂದು ಮುಗಿಸುವವು.

ಕರಾವಳಿಯ ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಾಗ, ಪ್ರಾಜೆಕ್ಟ್ ಕೇಳಿಕೊಂಡು ಬರುವ ಹುಡುಗ ಹುಡುಗಿಯರಿಗೆ ನಾನು ಹೆಚ್ಚಾಗಿ ಕೊಡುತ್ತಿದ್ದ ವಿಷಯ ಇದು. ಖರ್ಚಿಲ್ಲ. ಎರಡು ಬಕೆಟ್, ಒಂದು ಗಡಿಯಾರ, ಸಂಜೆ ಪೇಟೆಯಲ್ಲಿ ಮಾರದೆ ಉಳಿದ ಮೀನು ಇದ್ದರೆ ಆಯಿತು. ಹಾಗೆಂದು ಸುಲಭವೂ ಅಲ್ಲ. ಇವತ್ತು ಮೀನಿಗೆ ಮುಗಿಬೀಳುವ ಹುಳುಗಳು ನಾಳೆ ಅದೇ ಮೀನಿನತ್ತ ತಿರುಗಿಯೂ ನೋಡುವುದಿಲ್ಲ. ಕೆಲವೊಮ್ಮೆ ಅದರಿಂದ ದೂರ ಓಡುತ್ತವೆ. ಯಾಕೆ ಎಂದು ಕೇಳುತ್ತ ಹೋದ ಹಾಗೆ ಕೂಡಿಬಂದ ಪಾಠಗಳನ್ನು, ಹೊಸದಾಗಿ ತೀರಕ್ಕೆ ಇಳಿಯುವವರಿಗೆಂದು ಬರೆದಿಡುತ್ತಿದ್ದೇನೆ.

1. ಮೀನು ಇಡುವ ಮೊದಲು ನೀರಿನ ದಿಕ್ಕು ನೋಡಿ

ಇವು ಊಟವನ್ನು ಕಣ್ಣಿನಿಂದ ಹುಡುಕುವುದಿಲ್ಲ. ಮುಂದೆ ಚಾಚುವ ಆ ನಳಿಗೆಗೆ ಸೈಫನ್ ಎನ್ನುತ್ತಾರೆ. ಅದು ನೀರನ್ನು ಚಿಪ್ಪಿನೊಳಕ್ಕೆ ಎಳೆದುಕೊಳ್ಳುತ್ತದೆ; ಒಳಗೆ ಕಿವಿರಿನ ಪಕ್ಕದಲ್ಲಿರುವ ಆಸ್ಫ್ರೇಡಿಯಂ ಎಂಬ ಅಂಗ ಆ ನೀರಿನ ವಾಸನೆ ಹಿಡಿಯುತ್ತದೆ. ನಳಿಗೆಯನ್ನು ಎಡಬಲ ಆಡಿಸುವುದು ಯಾವ ಕಡೆಯ ನೀರಿನಲ್ಲಿ ವಾಸನೆ ಜಾಸ್ತಿ ಎಂದು ತಿಳಿಯುವುದಕ್ಕೆ. ಆಮೇಲೆ ನೀರು ಬರುತ್ತಿರುವ ದಿಕ್ಕಿಗೆ ಎದುರಾಗಿ ನಡೆಯುತ್ತವೆ.

ಹೀಗಾಗಿ ಮೀನಿನ ಕೆಳಗಡೆ, ಅಂದರೆ ನೀರು ಹರಿದು ಹೋಗುವ ಕಡೆ, ಇರುವ ಹುಳುಗಳು ದೂರದಿಂದಲೂ ಎದ್ದು ಬರುತ್ತವೆ. ಮೇಲ್ಗಡೆ ಎರಡೇ ಮಾರು ದೂರದಲ್ಲಿರುವವಕ್ಕೆ ಸುದ್ದಿಯೇ ಇರುವುದಿಲ್ಲ. ಅವು ಬರಲಿಲ್ಲವೆಂದು ‘ಹಸಿವಿಲ್ಲ’ ಎಂದೋ ‘ಹೆದರಿವೆ’ ಎಂದೋ ಬರೆದರೆ ಇಡೀ ಪಟ್ಟಿ ಕೆಟ್ಟ ಹಾಗೆ. ಒಂದು ಕೋಲಿಗೆ ಹತ್ತಿಯ ಎಳೆ ಕಟ್ಟಿ ನೀರಿನಲ್ಲಿ ನಿಲ್ಲಿಸಿ, ಎಳೆ ತೋರುವ ದಿಕ್ಕನ್ನು ಬರೆದುಕೊಳ್ಳಿ, ಮೇಲ್ಗಡೆಯವನ್ನೂ ಕೆಳಗಡೆಯವನ್ನೂ ಬೇರೆ ಬೇರೆ ಎಣಿಸಿ. ಅಘನಾಶಿನಿಯಂಥ ಅಳಿವೆಗಳಲ್ಲಿ ಉಪ್ಪುನೀರಿನ ಗಜನಿ ಗದ್ದೆಗಳ ನಡುವಿನ ಕಾಲುವೆಯ ನೀರು ಇಳಿತ ಮುಗಿದು ಭರತ ಶುರುವಾದೊಡನೆ ತಿರುಗಿ ಹರಿಯುತ್ತದೆ. ನಡುವೆ ನೀರು ನಿಂತುಬಿಡುವ ಸ್ವಲ್ಪ ಹೊತ್ತು ಹುಳುಗಳು ಎದ್ದರೂ ಸುತ್ತುತ್ತಿರುತ್ತವೆ, ದಾರಿ ಸಿಗುವುದಿಲ್ಲ. ಭರತ-ಇಳಿತದ ಹೊತ್ತು ಬರೆಯದ ಟಿಪ್ಪಣಿಯನ್ನು ನಾನು ಓದದೆ ವಾಪಸು ಕೊಡುತ್ತಿದ್ದೆ.

2. ಇಡೀ ಮೀನು ಬೇಡ, ಕೊಯ್ದ ಮೀನು ಇಡಿ

ಚರ್ಮ ಹರಿಯದ ಮೀನಿನಿಂದ ರಸ ಹೊರಗೆ ಬರುವುದು ನಿಧಾನ. ಹೊಟ್ಟೆ ಸೀಳಿದ್ದಕ್ಕೆ, ಒಡೆದ ಏಡಿಗೆ, ಬಾಯಿ ಬಿಟ್ಟ ಬಳಚಿಗೆ (ಕಪ್ಪೆಚಿಪ್ಪಿಗೆ) ಹುಳು ಬೇಗ ಬರುತ್ತದೆ. ಅಮೆರಿಕದ ಕಾರ್ ಎಂಬ ವಿಜ್ಞಾನಿ 1967ರಲ್ಲಿ ನಾಸೇರಿಯಸ್ ಮೇಲೆ ಮಾಡಿದ ಕೆಲಸದಲ್ಲಿ, ಸೀಗಡಿಯ ರಸದೊಳಗಿನ ಗ್ಲೈಸಿನ್, ಬೀಟೇನ್, ಲ್ಯಾಕ್ಟೇಟ್‌ನಂಥ ಸಣ್ಣ ಅಣುಗಳೇ ಹುಳು ತಿನ್ನಲು ಚಾಚುವ ಸೊಂಡಿಲು ಹೊರಬರುವಂತೆ ಮಾಡುತ್ತವೆ ಎಂದು ತೋರಿಸಿದರು. ಮೀನು ಕೊಳೆಯುವಾಗ ಬರುವ ವಾಸನೆಗೆ ಮುಖ್ಯ ಕಾರಣ ಟ್ರೈಮಿಥೈಲಮೀನ್. ದಕ್ಷಿಣ ಆಫ್ರಿಕದ ಬುಲ್ಲಿಯಾ ಎಂಬ ಮರಳುದಂಡೆಯ ಬಸವನಹುಳುವಿಗೆ ಅದೊಂದೇ ಸಾಕು, ಮೀನೇ ಬೇಕಿಲ್ಲ. ಮೀನುಗಾರರಿಗೆ ಇದು ಹೊಸ ವಿಷಯವಲ್ಲ. ಕೊಲ್ಲಂ ಕಡೆ ಬ್ಯಾಬಿಲೋನಿಯಾ ಎಂಬ ದೊಡ್ಡ ಜಾತಿಯನ್ನು ಹಿಡಿಯುವವರು ಬಳೆಬಲೆಗೆ ಸತ್ತ ಮೀನು ಕಟ್ಟಿ ತಳಕ್ಕೆ ಇಳಿಸುತ್ತಾರೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಬಕ್ಸಿನಮ್ ಎಂಬ ಇನ್ನೊಂದು ಕಡಲ ಬಸವನಹುಳುವನ್ನು ಹಿಡಿಯುವವರ ಬೋನಿನಲ್ಲೂ ಇದೇ ಉಪಾಯ.

ಇಟ್ಟ ಮೀನನ್ನು ಹಳೆಯ ಬಲೆಯ ತುಂಡಿನಲ್ಲಿ ಸುತ್ತಿ ಗೂಟಕ್ಕೆ ಕಟ್ಟಿ. ಇಲ್ಲದಿದ್ದರೆ ಏಡಿ ಎಳೆದುಕೊಂಡು ಹೋಗುತ್ತದೆ, ಅದೂ ಹುಳುಗಳು ಹತ್ತಿರ ಬಂದ ಹೊತ್ತಿಗೇ.

3. ಬಂದವನ್ನು ಎಣಿಸಿದರೆ ಸಾಲದು, ಹೋದವನ್ನೂ ನೋಡಿ

ಹೆಣ ಸಿಕ್ಕ ಮೇಲೆ ಈ ಹುಳುಗಳು ಅಲ್ಲೇ ಬಿಡಾರ ಹೂಡುವುದಿಲ್ಲ. ಸೊಂಡಿಲನ್ನು ಮಾಂಸದೊಳಕ್ಕೆ ಇಳಿಸಿ, ಗರಗಸದಂಥ ನಾಲಿಗೆಯಿಂದ ಕೆರೆದು, ಕೆಲವೇ ನಿಮಿಷಗಳಲ್ಲಿ ಹೊಟ್ಟೆ ತುಂಬಿಸಿಕೊಂಡು, ಬಂದ ದಾರಿ ಬಿಟ್ಟು ಬೇರೆ ಕಡೆ ಹೋಗಿ ಹೂತುಕೊಳ್ಳುತ್ತವೆ. ಮುಂದಿನ ಹೆಣ ಯಾವತ್ತು ಎಂದು ಗೊತ್ತಿಲ್ಲದವರು ಒಂದೇ ಸಲಕ್ಕೆ ಬಹಳ ತಿನ್ನುತ್ತಾರೆ. ವಾಸನೆ ತನಗೆ ಸಿಕ್ಕಿತೆಂದರೆ ಏಡಿಗೂ ಸಿಕ್ಕಿರುತ್ತದೆ, ಹಾಗಾಗಿ ಬೇಗ ಏಳುತ್ತಾರೆ.

ಹೀಗೆ ಬರುವವೂ ಹೋಗುವವೂ ಒಟ್ಟಿಗೇ ಇರುವುದರಿಂದ, ಹತ್ತು ನಿಮಿಷಕ್ಕೊಮ್ಮೆ ಮೀನಿನ ಮೇಲಿರುವವನ್ನು ಎಣಿಸಿದರೆ ಸಿಗುವ ಸಂಖ್ಯೆಗೆ ಹೆಚ್ಚು ಅರ್ಥವಿಲ್ಲ. ಚಿಪ್ಪಿನ ಮೇಲೆ ಉಗುರಿನ ಬಣ್ಣದ ಚುಕ್ಕೆ ಇಡಿ, ಒಂದೊಂದು ಗುಂಪಿಗೆ ಒಂದೊಂದು ಬಣ್ಣ. ಯಾವಾಗ ಬಂತು, ಸೊಂಡಿಲು ಯಾವಾಗ ಇಳಿಸಿತು, ಯಾವಾಗ ಎದ್ದಿತು ಎಂಬ ಮೂರು ಹೊತ್ತು ಬರೆಯಿರಿ. ಮುಂದಿನ ಎರಡು ಪಾಠಗಳು ನಿಂತಿರುವುದು ಈ ಮೂರರ ಮೇಲೆಯೇ.

4. ಒಡೆದ ಚಿಪ್ಪು ಎರಡು ಸುದ್ದಿ ಹೇಳುತ್ತದೆ

ಬಳಚು ಹೆಕ್ಕಲು ಬರುತ್ತಿದ್ದ ಹೆಂಗಸೊಬ್ಬರು ನಮ್ಮ ಹುಡುಗರ ಕೆಲಸವನ್ನು ಸ್ವಲ್ಪ ಹೊತ್ತು ನೋಡಿ ಹೇಳಿದ್ದು ಇದು: “ಬಳಚು ಒಡೆದು ಬಿಸಾಕಿರೆ ಮುತ್ತಿಕೊಳ್ತವೆ. ಈ ಹುಳನ್ನೇ ತುಳಿದು ಒಡೆದ್ರೆ ಒಂದೂ ನಿಲ್ಲೂದಿಲ್ಲ ಮಾಸ್ತರೇ.”

ಇದೇ ಮಾತನ್ನು ಅಮೆರಿಕದ ಪೂರ್ವ ಕರಾವಳಿಯಲ್ಲಿ ಜೆಲ್ ಆಟೆಮಾ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದಲ್ಲಿ ಪ್ರಯೋಗದಿಂದ ಸ್ಥಾಪಿಸಿದರು. ಅವರ ಪ್ರಾಣಿ ಅಲ್ಲಿನ ಕೆಸರುಬಯಲಿನ ಬಸವನಹುಳು, ಆಗಿನ ಹೆಸರು ನಾಸೇರಿಯಸ್ ಆಬ್ಸೊಲೀಟಸ್. ಅದೇ ಜಾತಿಯ ಒಂದು ಹುಳುವನ್ನು ಜಜ್ಜಿ ಇಟ್ಟರೆ ಕೆಳಗಡೆಯಿದ್ದವು ತಿರುಗಿ ವೇಗವಾಗಿ ದೂರ ಹೋಗುತ್ತವೆ, ಇಲ್ಲವೇ ಕೆಸರಿನೊಳಗೆ ಹೂತುಕೊಳ್ಳುತ್ತವೆ. ದೂರದ ಸಂಬಂಧದ ಪ್ರಾಣಿಯನ್ನು ಜಜ್ಜಿದರೆ ಹಾಗಾಗುವುದಿಲ್ಲ; ಸಂಬಂಧ ಹತ್ತಿರವಾದಷ್ಟೂ ಗಾಬರಿ ಹೆಚ್ಚು. 1977ರಲ್ಲಿ ಸ್ಟೆನ್ಜ್ಲರ್ ಮತ್ತು ಆಟೆಮಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಊಟದ ವಾಸನೆಯೂ ಗಾಬರಿಯ ವಾಸನೆಯೂ ಒಟ್ಟಿಗೆ ಬಂದಾಗ ಯಾವುದು ಗೆಲ್ಲುತ್ತದೆ ಎಂದು ಕೇಳಿದರು. ಆ ಹುಳುವಿನಲ್ಲಿ ಗೆದ್ದದ್ದು ಗಾಬರಿ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹೆಣ ತಿನ್ನುವ ಪ್ರಾಣಿಗೆ, ಜಜ್ಜಿದ ಒಡಹುಟ್ಟು ಕೂಡ ಮಾಂಸವೇ. ಅದರ ರಸದಲ್ಲೂ ಅಮೈನೋ ಆಮ್ಲ ಇದೆ, ಬೀಟೇನ್ ಇದೆ. ಆದರೆ ಈ ತೀರದಲ್ಲಿ ಬಸವನಹುಳುವಿನ ಚಿಪ್ಪು ತಾನಾಗಿ ಒಡೆಯುವುದು ಅಪರೂಪ. ಒಡೆದಿದೆ ಎಂದರೆ ಏಡಿಯ ಕೊಂಬು ಹತ್ತಿರದಲ್ಲಿದೆ. ಒಂದೇ ನೀರು, ಒಂದೇ ನಳಿಗೆ, ಒಂದೇ ಅಂಗ. ಅದರಲ್ಲೇ ‘ಊಟ ಇದೆ’ ಎಂಬುದೂ ‘ಕೊಂದವನು ಇದ್ದಾನೆ’ ಎಂಬುದೂ ಸೇರಿ ಬರುತ್ತದೆ. ಮೆದುಳು ಎಂದು ಹೇಳಿಕೊಳ್ಳಲು ಕೆಲವು ನರಗಂಟುಗಳಷ್ಟೇ ಇರುವ ಪ್ರಾಣಿ ಇವೆರಡನ್ನೂ ತೂಗಿ ನೋಡಬೇಕು. ನನಗೆ ಈ ಹುಳುಗಳಲ್ಲಿ ಆಸಕ್ತಿ ಹುಟ್ಟಿದ್ದು ಅವು ಹೆಣ ತಿನ್ನುತ್ತವೆ ಎಂಬುದಕ್ಕಲ್ಲ, ಈ ತೂಕಕ್ಕೆ.

ಕೆಲಸದ ಮಾತು: ಜಜ್ಜಿದ ಹುಳು ಇಡುವಾಗ ಅದರ ಜೊತೆ ಯಾವಾಗಲೂ ಒಂದು ಹೋಲಿಕೆ ಇರಲಿ. ಒಂದು ಕಡೆ ಬರೀ ಮೀನು. ಇನ್ನೊಂದು ಕಡೆ ಮೀನು ಮತ್ತು ಜಜ್ಜಿದ ನಾಸೇರಿಯಸ್. ಮೂರನೆಯ ಕಡೆ ಮೀನು ಮತ್ತು ಅಷ್ಟೇ ತೂಕದ ಜಜ್ಜಿದ ಬಳಚು. ಮೂರನೆಯದು ಇಲ್ಲದಿದ್ದರೆ, ಹುಳು ಓಡಿದ್ದು ತನ್ನವರ ವಾಸನೆಗೋ, ರಸ ಜಾಸ್ತಿಯಾಗಿದ್ದಕ್ಕೋ, ಚಿಪ್ಪಿನ ಚೂರಿಗೋ ಎಂದು ಹೇಳಲಾಗುವುದಿಲ್ಲ. ಹುಳುಗಳ ನಡುವೆ ಓಡಾಡುವಾಗ ನಿಮ್ಮ ಕಾಲಿನ ಕೆಳಗೆ ಯಾವುದೂ ಒಡೆಯದಿರಲಿ. ಒಂದು ಒಡೆದರೂ ಆ ದಿನದ ಬರೀ ಮೀನಿನ ಕಡೆ ಬರೀ ಮೀನಾಗಿ ಉಳಿಯುವುದಿಲ್ಲ. ಜಜ್ಜಿದ ಕೈಯನ್ನು ತೊಳೆಯದೆ ಇನ್ನೊಂದು ಮೀನು ಮುಟ್ಟುವುದೂ ಅಷ್ಟೇ.

5. ಕೊನೆಯ ಊಟ ಯಾವಾಗ ಎಂದು ಕೇಳಿ

“ಸರ್, ಇವು ಹೆದರೋದೇ ಇಲ್ಲ” ಎಂದು ಒಬ್ಬ ಹುಡುಗ ಬಂದ. ಜಜ್ಜಿದ ಹುಳುವಿನ ಪಕ್ಕದಲ್ಲೇ ಕೂತು ತಿನ್ನುತ್ತಿವೆ ಎಂದ. ಅದೇ ವಾರ ಇನ್ನೊಬ್ಬಳ ಪಟ್ಟಿಯಲ್ಲಿ ಒಂದು ಹುಳುವೂ ಹತ್ತಿರ ಸುಳಿದಿರಲಿಲ್ಲ. ಜಾತಿ ಅದೇ, ಅಳಿವೆ ಅದೇ, ಮೀನು ಅದೇ. ಯಾವ ಬಕೆಟ್ಟಿನವು, ಅವಕ್ಕೆ ಏನು ಹಾಕಿದ್ದಿರಿ ಎಂದು ಕೇಳಿದೆ. ಆ ಹುಡುಗಿ ದಯೆಯಿಂದ ದಿನವೂ ಒಣ ಶೆಟ್ಲಿ (ಸೀಗಡಿ) ಹಾಕುತ್ತಿದ್ದಳು. ಹುಡುಗನದ್ದು ದೀಪಾವಳಿ ರಜೆಯಿಡೀ ಯಾರೂ ಏನೂ ಹಾಕದೆ ಬಿಟ್ಟಿದ್ದ ಬಕೆಟ್ಟು.

ಹಾಂಕಾಂಗಿನ ತೀರದಲ್ಲಿ ಇದನ್ನು ಸರಿಯಾಗಿ ಪರೀಕ್ಷಿಸಿದವರು ಬ್ರಯನ್ ಮಾರ್ಟನ್, ಕೆ. ಚಾನ್ ಮತ್ತು ಜೋಸೆಫ್ ಬ್ರಿಟನ್. ಅವರ ಪ್ರಾಣಿ ನಾಸೇರಿಯಸ್ ಫೆಸ್ಟಿವಸ್, ಒಂದೂವರೆ ಸೆಂಟಿಮೀಟರಿನಷ್ಟು ಉದ್ದದ ಚಿಪ್ಪಿನದು. 1995ರಲ್ಲಿ ಅವರು ಪ್ರಕಟಿಸಿದ ತೀರ್ಮಾನ ಒಂದು ಸಾಲಿನದು: ಹಸಿವು ಹೆಚ್ಚಾದರೆ ಭಯ ಸೋಲುತ್ತದೆ. ಗಾಯಗೊಂಡ ಸ್ವಜಾತಿಯ ವಾಸನೆ ಇದ್ದರೂ ಹಸಿದವು ಊಟಕ್ಕೆ ಬಂದವು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಮೆಕಿಲಪ್ ದಂಪತಿ ನಾಸೇರಿಯಸ್ ಡಾರ್ಸೇಟಸ್ ಮೇಲೆ 1992ರಲ್ಲಿ ಕೆಲಸ ಮಾಡಿ, ಜಜ್ಜಿದ ಸ್ವಜಾತಿಯ ವಾಸನೆ ಊಟವನ್ನು ತಡೆಯುತ್ತದೆ ಎಂದು ಮೊದಲು ತೋರಿಸಿದರು. 1994ರಲ್ಲಿ ತಿನ್ನುವ ನಿರ್ಧಾರವನ್ನು ಎರಡು ಅಪಾಯಗಳ ಲೆಕ್ಕವಾಗಿ ನೋಡಿದರು: ಯಾರದೋ ಬಾಯಿಗೆ ಬೀಳುವ ಅಪಾಯ ಒಂದು, ಹಸಿದು ಸಾಯುವ ಅಪಾಯ ಇನ್ನೊಂದು.

ಅಲ್ಲಿಗೆ ‘ಈ ಜಾತಿ ಹೆದರುತ್ತದೆ, ಆ ಜಾತಿ ಹೆದರುವುದಿಲ್ಲ’ ಎಂಬ ವಾಕ್ಯವೇ ಅರ್ಧ ವಾಕ್ಯವಾಯಿತು. ಎಷ್ಟು ದಿನದ ಹಸಿವಿನಲ್ಲಿ ಎಂದು ಸೇರಿಸಿದರೆ ಮಾತ್ರ ಪೂರ್ತಿ. ಈ ಬಗ್ಗೆ ನಾನು ಸ್ವಲ್ಪ ಹಟಮಾರಿ. ಮಕ್ಕಳ ಪ್ರಾಜೆಕ್ಟ್ ವರದಿಗಳಲ್ಲಿ ನೀರಿನ ಉಪ್ಪು, ಉಷ್ಣತೆ, ಆಮ್ಲಜನಕ ಎಲ್ಲಕ್ಕೂ ದಶಮಾಂಶದ ನಂತರ ಎರಡು ಅಂಕಿ ಇರುತ್ತದೆ. ಪ್ರಾಣಿ ಉಪವಾಸವಿತ್ತೇ ಎಂಬ ಸಾಲು ಇರುವುದಿಲ್ಲ.

ಮಾಡುವ ಬಗೆ ಹೀಗೆ. ತೀರದಿಂದ ತಂದ ಹುಳುವಿನ ಹಸಿವು ನಮಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಆದ್ದರಿಂದ ತಂದ ದಿನವೇ ಎಲ್ಲವಕ್ಕೂ ಬೇಕಾದಷ್ಟು ಮೀನು ಹಾಕಿ, ತಾವಾಗಿ ಎದ್ದು ಹೋಗುವವರೆಗೆ ತಿನ್ನಲು ಬಿಡಿ. ಅದು ಸೊನ್ನೆಯ ದಿನ. ಆಮೇಲೆ ಒಂದು ಬಕೆಟ್ಟಿನವಕ್ಕೆ ಊಟ ಮುಂದುವರಿಸಿ, ಇನ್ನೊಂದರವಕ್ಕೆ ನಿಲ್ಲಿಸಿ. ಉಪವಾಸಕ್ಕೆ ಹೆದರಬೇಡಿ, ವಾರಗಟ್ಟಲೆ ಊಟವಿಲ್ಲದೆ ಇರುವುದು ಇವುಗಳ ಜಾಯಮಾನ. ಆದರೆ ಎರಡೂ ಬಕೆಟ್ಟಿನ ನೀರನ್ನು ಒಂದೇ ಹೊತ್ತಿಗೆ ಬದಲಿಸಿ, ಮರಳು ಒಂದೇ ಕಡೆಯದಾಗಿರಲಿ. ಸತ್ತ ಹುಳುವನ್ನು ಕೂಡಲೇ ತೆಗೆಯಿರಿ. ಉಪವಾಸದ ಬಕೆಟ್ಟಿನಲ್ಲಿ ಒಂದು ಸತ್ತರೆ ಉಳಿದವಕ್ಕೆ ಅದೇ ಊಟ. ಸೊನ್ನೆಯ ದಿನದಿಂದ ಮತ್ತೆ ಎಣಿಸಬೇಕಾಗುತ್ತದೆ.

ಪರೀಕ್ಷೆಯ ದಿನ ‘ಬಂತು’, ‘ಬರಲಿಲ್ಲ’ ಎಂದಷ್ಟೇ ಬರೆದರೆ ಹಸಿದವು ಧೈರ್ಯವಂತವೆಂದು ಕಾಣುತ್ತದೆ. ಮೂರನೆಯ ಪಾಠದ ಮೂರು ಹೊತ್ತುಗಳನ್ನು ಬರೆಯಿರಿ. ಹಸಿದ ಹುಳು ಮೀನಿನ ಹತ್ತಿರ ಬಂದು ನಳಿಗೆ ಒಳಗೆಳೆದು ನಿಲ್ಲುವುದು, ಪಕ್ಕಕ್ಕೆ ಸರಿಯುವುದು, ಮತ್ತೆ ಬರುವುದು ಆಗ ಕಾಣಿಸುತ್ತದೆ. ಭಯ ಹೋಗಿಲ್ಲ. ಭಯ ಇಟ್ಟುಕೊಂಡೇ ತಿನ್ನುತ್ತಿದೆ. ಇದು ನಾನು ಬಕೆಟ್ಟಿನ ಪಕ್ಕ ಕೂತು ಕಂಡದ್ದು. ಹಾಂಕಾಂಗಿನವರ ತೀರ್ಮಾನದ ಜೊತೆ ಇದಕ್ಕೆ ಜಗಳವಿಲ್ಲ ಎಂದೇ ನನ್ನ ಭಾವನೆ.

6. ಒಂದು ತೀರದ ಉತ್ತರವನ್ನು ಇನ್ನೊಂದು ತೀರಕ್ಕೆ ಹೊತ್ತುಕೊಂಡು ಹೋಗಬೇಡಿ

ಅಮೆರಿಕದ ಹುಳುವಿನಲ್ಲಿ ಗಾಬರಿ ಗೆದ್ದಿತು, ಹಾಂಕಾಂಗಿನದರಲ್ಲಿ ಹಸಿವು ಗೆದ್ದಿತು. ಇಬ್ಬರಲ್ಲಿ ಯಾರು ಸರಿ ಎಂದು ಕೇಳುವವರಿಗೆ ನಾನು ಹೇಳುವುದು, ಮೊದಲು ಅವುಗಳ ಅಡುಗೆಮನೆ ನೋಡಿ ಎಂದು. ಅಮೆರಿಕದ ಆಬ್ಸೊಲೀಟಸ್ ಹೆಣವನ್ನೇ ನಂಬಿಕೊಂಡಿಲ್ಲ. ಅದು ಕೆಸರನ್ನೂ ಕೆಸರಿನ ಮೇಲಿನ ಡಯಾಟಮ್ ಪಾಚಿಯನ್ನೂ ತಿಂದು ಬದುಕಬಲ್ಲದು. ಅದಕ್ಕೆ ತಕ್ಕ ಜೀರ್ಣಾಂಗವೂ ಅದಕ್ಕಿದೆ. ಕಾಲ ಕೆಳಗೇ ಊಟವಿರುವವನು ಅಪಾಯದ ಊಟಕ್ಕೆ ಯಾಕೆ ಹೋಗಬೇಕು? ಹೆಣವೇ ಗತಿ ಎಂದಿರುವ ಫೆಸ್ಟಿವಸ್‌ಗೆ ಆ ಸೌಕರ್ಯವಿಲ್ಲ. ಎರಡು ಫಲಿತಾಂಶಗಳ ನಡುವಿನ ವ್ಯತ್ಯಾಸಕ್ಕೆ ಇದೇ ಮುಖ್ಯ ಕಾರಣ ಎಂಬುದು ನನ್ನ ಊಹೆ.

ಹುಳುವಿನ ಹಸಿವನ್ನೇ ಮಾಪಕವಾಗಿ ಮಾಡಿಕೊಂಡು ಒಂದು ತೀರದಲ್ಲಿ ಊಟ ಎಷ್ಟಿದೆ ಎಂದು ಹೋಲಿಸಿ ನೋಡುವ ಉಪಾಯವನ್ನು ಮೆಕಿಲಪ್ ಮತ್ತು ಬಟ್ಲರ್ 1983ರಲ್ಲಿ ನಾಸೇರಿಯಸ್ ಪಾಪರೇಟಸ್ ಜಾತಿಯಲ್ಲಿ ತೋರಿಸಿದ್ದಾರೆ. ನಮ್ಮ ಕರಾವಳಿಯಲ್ಲಿ ಇದನ್ನು ಮಾಡುವವರು ಕ್ಯಾಲೆಂಡರ್ ನೋಡಿಕೊಳ್ಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಬಂದ್. ಬೋಟಿನಿಂದಲೂ ಬಂದರಿನಿಂದಲೂ ನೀರಿಗೆ ಬೀಳುವ ಮೀನಿನ ಕಸ ಆಗ ಕಡಿಮೆ. ಮಳೆಗಾಲದ ಕಡಲು ದಡಕ್ಕೆ ಎಸೆಯುವುದು ಬೇರೆ ಬಗೆಯದು, ಅಳಿವೆಯಲ್ಲಿ ಸಿಹಿನೀರು ಬೇರೆ. ಕೈರಂಪಣಿ ಬಲೆ ಎಳೆಯುವ ದಂಡೆಯ ಹುಳುವಿನ ಹೊಟ್ಟೆಯೂ ಯಾರೂ ಬಲೆ ಹಾಕದ ದಂಡೆಯದರ ಹೊಟ್ಟೆಯೂ ಒಂದೇ ಆಗಿರಬೇಕಿಲ್ಲ. ಜನವರಿಯ ಪಟ್ಟಿಯನ್ನು ಆಗಸ್ಟಿನ ಪಟ್ಟಿಯ ಪಕ್ಕ ಇಟ್ಟು ‘ಭಯ ಹೆಚ್ಚಿದೆ’ ಎಂದರೆ ನಾನು ಒಪ್ಪುವುದಿಲ್ಲ.

7. ಶತ್ರುವಿನ ಹತ್ತಿರ ಹೋಗುವುದೆಲ್ಲ ಪೆದ್ದುತನವಲ್ಲ

ನಕ್ಷತ್ರಮೀನು ಮೈಗೆ ತಗುಲಿದರೆ ನಾಸೇರಿಯಸ್ ಮಾಡುವುದನ್ನು ಮೊದಲ ಸಲ ನೋಡಿದವರು ನಗುತ್ತಾರೆ. ಪಾದದ ಹಿಂಭಾಗವನ್ನು ಝಾಡಿಸಿ ಚಿಪ್ಪುಸಮೇತ ಲಾಗ ಹಾಕುತ್ತದೆ, ಮತ್ತೆ ಮತ್ತೆ. ನಕ್ಷತ್ರಮೀನಿನ ಚರ್ಮದಲ್ಲಿರುವ ಸಪೋನಿನ್ ಎಂಬ ನೊರೆಗುಣದ ವಸ್ತುವೇ ಇದಕ್ಕೆ ಪ್ರಚೋದನೆ. ಬಲೆಗೆ ಸಿಕ್ಕ ನಕ್ಷತ್ರಮೀನಿನ ಒಂದು ತೋಳು ಸಾಕು, ತರಗತಿಯಲ್ಲೇ ತೋರಿಸಬಹುದು.

ಹಾಗಿದ್ದರೂ ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಯಲ್ಲಿ ಬಕ್ಸಿನಮ್ ಹುಳುಗಳು ತಮ್ಮನ್ನೇ ತಿನ್ನುವ ಲೆಪ್ಟಾಸ್ಟೀರಿಯಸ್ ಎಂಬ ನಕ್ಷತ್ರಮೀನಿನ ಹತ್ತಿರ ಬೇಕೆಂದೇ ಹೋಗುತ್ತವೆ. ರೋಶೆಟ್, ಹಿಮ್ಮೆಲ್‌ಮನ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಇದನ್ನು ವಿವರಿಸಿದರು. ನಕ್ಷತ್ರಮೀನು ಕಪ್ಪೆಚಿಪ್ಪಿನ ಮೇಲೆ ಬಾಗಿ ತಿನ್ನುತ್ತಿರುವಾಗ ಅದಕ್ಕೆ ಬೇರೆ ಬೇಟೆಯ ಗಮನವಿರುವುದಿಲ್ಲ. ಆಗ ಹುಳು ಪಕ್ಕಕ್ಕೆ ಬಂದು, ಬಿಟ್ಟುಹೋದದ್ದನ್ನೋ ಬಿಡುತ್ತಿರುವುದನ್ನೋ ತಿನ್ನುತ್ತದೆ. ತಿನ್ನದೆ ಓಡಾಡುತ್ತಿರುವ ನಕ್ಷತ್ರಮೀನಿನ ವಾಸನೆಗೂ ತಿನ್ನುತ್ತಿರುವುದರ ವಾಸನೆಗೂ ಹುಳುವಿನ ಉತ್ತರ ಬೇರೆ. ಈ ವಿವೇಚನೆ ಕಾಣಬೇಕಾದರೆ ಇಡೀ ಪ್ರಾಣಿಯನ್ನೇ ತೊಟ್ಟಿಯಲ್ಲಿ ಇಟ್ಟು ನೋಡಬೇಕು.

8. ತೆರೆದ ಮರಳುದಂಡೆಯಲ್ಲಿ ಅಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಅಳಿವೆಯ ಪಾಠಗಳನ್ನು ಅಲೆ ಒಡೆಯುವ ದಂಡೆಗೆ ಒಯ್ದರೆ ನಡೆಯುವುದಿಲ್ಲ. ಅಲ್ಲಿ ಇರುವುದು ಬುಲ್ಲಿಯಾ. ಕಣ್ಣಿಲ್ಲದ ಪ್ರಾಣಿ. ನೊರೆಯಲ್ಲಿ ಮೀನಿನ ಇಲ್ಲವೇ ಅಂಬಲಿಮೀನಿನ ವಾಸನೆ ಸಿಕ್ಕೊಡನೆ ಮರಳಿನಿಂದ ಎದ್ದು, ಪಾದವನ್ನು ಮೊರದ ಹಾಗೆ ಅಗಲಿಸಿ, ಅಲೆಗೆ ಮೈ ಒಡ್ಡಿ ದಂಡೆಯ ಮೇಲಕ್ಕೆ ತೇಲಿಕೊಂಡು ಬರುತ್ತದೆ. ಕೇಪ್‌ಟೌನ್ ವಿಶ್ವವಿದ್ಯಾಲಯದ ಎ. ಸಿ. ಬ್ರೌನ್ ಇದರ ಬಗ್ಗೆಯೇ ದಶಕಗಳ ಕಾಲ ಕೆಲಸ ಮಾಡಿದರು. ನಮ್ಮ ಪಶ್ಚಿಮ ಕರಾವಳಿಯ ಬುಲ್ಲಿಯಾ ಮೆಲನಾಯ್ಡಿಸ್ ಬಗ್ಗೆ ಕೇರಳದ ದಂಡೆಯಲ್ಲಿ ಆನ್ಸೆಲ್ ಮತ್ತು ಟ್ರೆವಾಲಿಯನ್ 1969ರಲ್ಲಿ ಬರೆದಿದ್ದಾರೆ. ಇಲ್ಲಿ ನೀರಿನ ದಿಕ್ಕು ಪ್ರತಿ ಅಲೆಗೂ ತಿರುಗುತ್ತದೆ, ಎಳೆ ಕಟ್ಟಿದ ಕೋಲು ಉಪಯೋಗಕ್ಕೆ ಬಾರದು. ಮಳೆಗಾಲದಲ್ಲಿ ದಡಕ್ಕೆ ಬೀಳುವ ನೀಲಿ ಬಲೂನಿನಂಥ ಬ್ಲೂಬಾಟಲ್ ಸುತ್ತ ಇವನ್ನು ಹುಡುಕುವವರು ಕಾಲಿಗೆ ಬೂಟು ಹಾಕಿಕೊಳ್ಳಿ, ಸತ್ತು ಬಿದ್ದದ್ದೂ ಕುಟುಕುತ್ತದೆ.

9. ಬಾಯಿಗೆ ಹಾಕಬೇಡಿ

ಬಳಚು, ಕಲ್ಲಗ ತಿನ್ನುವ ಊರಿನ ಮಕ್ಕಳಿಗೆ ಇದನ್ನೂ ಬೇಯಿಸಿ ನೋಡುವ ಆಸೆ ಬರುತ್ತದೆ. ಬೇಡ. ನಾಸೇರಿಯಸ್‌ನ ಕೆಲವು ಜಾತಿಗಳಲ್ಲಿ ಟೆಟ್ರೊಡೊಟಾಕ್ಸಿನ್ ಸೇರಿಕೊಂಡಿರುತ್ತದೆ, ಬುಗ್ಗೆಮೀನಿನಲ್ಲಿರುವ ವಿಷವೇ ಅದು. ಚೀನಾದಲ್ಲಿಯೂ, 2004ರಲ್ಲಿ ತೈವಾನಿನಲ್ಲಿಯೂ ಇದನ್ನು ತಿಂದವರು ವಿಷಕ್ಕೆ ಬಲಿಯಾಗಿದ್ದಾರೆ. ಬೇಯಿಸಿದರೆ ಈ ವಿಷ ಹೋಗುವುದಿಲ್ಲ.

10. ಇರಬಾರದ ಜಾಗದಲ್ಲಿ ಕಂಡ ಹುಳುವನ್ನು ಬೇರೆ ಡಬ್ಬಿಯಲ್ಲಿ ಇಡಿ

ಇಳಿತದಲ್ಲಿ ನೀರು ಇಳಿದು ಹೋದ ಮೇಲೂ ದಂಡೆಯ ಎತ್ತರದಲ್ಲಿ, ಒಣ ಮರಳಿನ ಮೇಲೆ ಒಂದೆರಡು ಹುಳು ಉಳಿದುಬಿಟ್ಟಿರುವುದು ಉಂಟು. ಊಟದ ಹಿಂದೆ ಬಂದವು, ಇಲ್ಲವೇ ಏಡಿಗೆ ಹೆದರಿ ಬಂದವು ಎಂದು ಬರೆದುಬಿಡುವುದು ಸುಲಭ. ಅಮೆರಿಕದ ಡೆಲವೇರ್ ತೀರದಲ್ಲಿ ಕರ್ಟಿಸ್ ಎಂಬುವರು 1987ರಲ್ಲಿ ಇಂಥ ಹುಳುಗಳ ಬಗ್ಗೆ ಬರೆದದ್ದು ಬೇರೆಯೇ. ರಾತ್ರಿಯ ಇಳಿತದಲ್ಲಿ ದಂಡೆಯ ಮೇಲೆ ಸಿಕ್ಕ ಆಬ್ಸೊಲೀಟಸ್ ಹುಳುಗಳಲ್ಲಿ ಗೈನಿಕೊಟೈಲಾ ಅಡುಂಕಾ ಎಂಬ ಚಪ್ಪಟೆಹುಳು ಪರಾವಲಂಬಿಯಾಗಿ ಸೇರಿಕೊಂಡಿತ್ತು. ಆ ಪರಾವಲಂಬಿಯ ಮುಂದಿನ ಮನೆ ದಂಡೆಯ ಮೇಲೆ ಜಿಗಿಯುವ ಮರಳುಚಿಗಟ ಮತ್ತು ಪಿಟೀಲು ಏಡಿ. ಅದರ ಮರಿಗಳು ಅವನ್ನು ಸೇರಬೇಕಾದರೆ ಬಸವನಹುಳು ಮೇಲಕ್ಕೆ ಬರಬೇಕು. ಬರುತ್ತದೆ, ತನ್ನ ಹಸಿವಿಗೂ ಅಲ್ಲ, ಭಯಕ್ಕೂ ಅಲ್ಲ.

ಇಂಥವು ಪ್ರಯೋಗದ ಗುಂಪಿನಲ್ಲಿ ಸೇರಿಕೊಂಡರೆ ಐದನೆಯ ಪಾಠದ ಉಪವಾಸವೆಲ್ಲ ವ್ಯರ್ಥ. ಪರೀಕ್ಷಿಸುವುದು ಕಷ್ಟವಲ್ಲ. ಒಂದೊಂದು ಹುಳುವನ್ನು ಒಂದೊಂದು ಗಾಜಿನ ಲೋಟದಲ್ಲಿ, ಸೋಸಿದ ಸಮುದ್ರದ ನೀರಿನಲ್ಲಿ, ಬೆಳಕು ಬೀಳುವ ಕಿಟಕಿಯ ಪಕ್ಕ ಇಡಿ. ಸಂಜೆಗೆ ಆ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿ; ಬಾಲವಿರುವ ಸಣ್ಣ ಮರಿಗಳು ಈಜುತ್ತಿದ್ದರೆ ಆ ಹುಳು ಸೋಂಕಿನದು. ಒಂದೇ ದಿನಕ್ಕೆ ಎಲ್ಲವೂ ಮರಿ ಬಿಡುವುದಿಲ್ಲ, ಹಾಗಾಗಿ ಎರಡು ಮೂರು ದಿನ ನೋಡಿ. ಪ್ರಯೋಗ ಮುಗಿದ ಮೇಲೆ ಅನುಮಾನ ಉಳಿದವುಗಳ ಚಿಪ್ಪು ಒಡೆದು ಒಳಗೆ ನೋಡುವುದಾದರೆ, ಆ ಕೆಲಸವನ್ನು ಉಳಿದ ಬಕೆಟ್ಟುಗಳಿಂದ ದೂರ, ಬೇರೆ ಕೋಣೆಯಲ್ಲಿ ಮಾಡಿ.